ಏಳನೆಯ ಅನುಸೂಚಿಗೊಂದು ಬಹಿರಂಗ ಪತ್ರ

ಮಧ್ಯಸ್ಥಿಕೆ ಕಾಯ್ದೆಯ ಏಳನೆಯ ಅನುಸೂಚಿಯವರ ಸನ್ನಿಧಾನಕ್ಕೆ, ಹಿರಿಯೂರು ಕಡೆಯ ರೈತನೊಬ್ಬನ ನಮಸ್ಕಾರಗಳು.

1996ರ ಕಾಯ್ದೆಗೆ ತಾವು 2015ರಲ್ಲಿ ಬಂದು ಸೇರಿದಾಗಿನಿಂದ ತಮ್ಮ ಮಡಿಯ ಕೀರ್ತಿ ಕೇಳುತ್ತಲೇ ಇದ್ದೇವೆ. ಕಕ್ಷಿದಾರನ ನೌಕರ, ಸಲಹೆಗಾರ, ವಕೀಲ, ಹತ್ತಿರದ ನೆಂಟ, ಹೀಗೆ 19 ಸಾಲುಗಳಲ್ಲಿ ಯಾರ್‍ಯಾರು ಪಂಚರಾಗಕೂಡದೆಂದು ಬರೆದಿದ್ದೀರಿ. ಹೊಳಲ್ಕೆರೆ, ಹೊಸದುರ್ಗದ ಕಟ್ಟೆ ಪಂಚಾಯ್ತಿಗೂ ಇದು ಗೊತ್ತು: ಬದು ಒತ್ತಿದವನೇ ಪಂಚನಾಗಿ ಕೂರುವಂತಿಲ್ಲ.

ದೊಡ್ಡವರೂ ಮಡಿ ಪಾಲಿಸುತ್ತಾರೆ. 2022ರ ಜನವರಿಯಲ್ಲಿ ಕೃಷ್ಣಾ ನೀರಿನ ವ್ಯಾಜ್ಯ ಬಂದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಬೋಪಣ್ಣ, ತಾವು ಮಹಾರಾಷ್ಟ್ರ, ಕರ್ನಾಟಕದವರೆಂದು ಹಿಂದೆ ಸರಿದರು. ಭದ್ರೆಯೂ ಕೊನೆಗೆ ಕೃಷ್ಣೆಯನ್ನೇ ಸೇರುವವಳು. ಭದ್ರಾ ಮೇಲ್ದಂಡೆಯ ನೀರಿಗೆ ಕಾದು ಕೂತ ನಾವೂ ಆ ಸಂಕೋಚವನ್ನು ಮೆಚ್ಚಿಕೊಂಡೆವು.

ಈಗ ದಯಮಾಡಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಚಿತ್ತೈಸಬೇಕು. ಹೆದ್ದಾರಿಗೆಂದು ಜಮೀನು ವಶಪಡಿಸಿಕೊಳ್ಳುವುದು ಕೇಂದ್ರ ಸರ್ಕಾರ. ಪರಿಹಾರ ಸಾಲದೆಂದರೆ, 1956ರ ಹೆದ್ದಾರಿ ಕಾಯ್ದೆಯ 3ಜಿ(5) ಪ್ರಕಾರ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಅವರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. ನಮ್ಮ ರಾಜ್ಯದಲ್ಲಿ ಆ ಪೀಠ ಸಾಮಾನ್ಯವಾಗಿ ಜಿಲ್ಲಾಧಿಕಾರಿಯವರದು. ಜಮೀನು ಬೇಗ ಬಿಡಿಸಿಕೊಡಿ ಎಂದು ಬೆಳಿಗ್ಗೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ತಾಕೀತು ಮಾಡಿದವರೇ ಮಧ್ಯಾಹ್ನ ಗುಂಟೆಗೆಷ್ಟು ಎಂದು ತೀರ್ಮಾನಿಸಲು ಕೂರಬಹುದು. ಸಾಹೇಬರ ಪ್ರಾಮಾಣಿಕತೆಯ ಮೇಲೆ ನಮಗೆ ಅನುಮಾನವಿಲ್ಲ. ತಮಗೂ ಯಾರ ಮೇಲೂ ಇರಲಿಲ್ಲ. ಆದರೂ 19 ಸಾಲು ಬರೆದಿರಲ್ಲವೆ?

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ಸರ್ಕಾರಿ ಗುತ್ತಿಗೆಯಲ್ಲಿ ಒಂದೇ ಕಡೆಯವರು ಏಕೈಕ ಮಧ್ಯಸ್ಥಗಾರರನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧ ಎಂದಿತು. ಬಹಳ ಸಂತೋಷ. ಡಾಂಬರು ಹಾಕುವ ಗುತ್ತಿಗೆದಾರ ಷರತ್ತು ಓದಿ, ಒಪ್ಪಿ, ಸಹಿ ಮಾಡಿದವನು. ಅವನಿಗೆ ಆಸರೆ ಸಿಕ್ಕಿತು. ಆ ಡಾಂಬರಿನ ಅಡಿಗೆ ನೆಲ ಬಿಟ್ಟವನು ಯಾವುದಕ್ಕೂ ಸಹಿ ಹಾಕಿದವನಲ್ಲ; ಅವನಿಗೆ ಬಂದದ್ದು ಬರೀ ನೋಟಿಸು. ಯಾರ ಒಪ್ಪಿಗೆಯನ್ನೇ ಕೇಳಲಿಲ್ಲವೋ ಅವನಿಗೆ ಸಮಾನತೆ ಯಾಕೆ, ಅಲ್ಲವೆ? ಹೆದ್ದಾರಿ ಕಾಯ್ದೆಯ 3ಜಿ(6) ತಮ್ಮ ಕಾಯ್ದೆಯನ್ನು ಒಳಗೆ ಕರೆದಂತೆ ಮಾಡಿ, ‘ಈ ಕಾಯ್ದೆಗೆ ಒಳಪಟ್ಟು’ ಎಂದು ಹೊಸ್ತಿಲಲ್ಲೇ ನಿಲ್ಲಿಸಿದೆ.

ಆದ್ದರಿಂದ ಅರಿಕೆ: 20ನೆಯ ಸಾಲೊಂದನ್ನು ಬರೆಸಿಕೊಳ್ಳಿ. ‘ಜಮೀನು ಕಿತ್ತುಕೊಂಡವರು ನೇಮಿಸಿದವರು, ಜಮೀನು ಕಳೆದುಕೊಂಡವನಿಗೆ ಪಂಚರಾಗಕೂಡದು.’ ಅಷ್ಟು ಕಷ್ಟವಾದರೆ, ‘ಮೇಲಿನ ಯಾವುದೂ ರೈತನಿಗೆ ಅನ್ವಯಿಸುವುದಿಲ್ಲ’ ಎಂದಾದರೂ ಬರೆದುಬಿಡಿ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಅಲೆಯುವವರ ಬಸ್ ಚಾರ್ಜು ಉಳಿಯುತ್ತದೆ.

ಇತಿ ತಮ್ಮ ವಿಶ್ವಾಸಿ,
ಹೆದ್ದಾರಿ ಪಕ್ಕದವನು