ಧಾರಣೆ ನೋಡುವ ಮಾಣಿ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಹೋಬಳಿಗೊಬ್ಬನಂತೆ ಇಂಥ ಮಾಣಿ ಸಿಗುತ್ತಾನೆ. ವಯಸ್ಸು ಮೂವತ್ತೈದರ ಆಚೀಚೆ. ಮದುವೆ ಆಗಿಲ್ಲವಾದ್ದರಿಂದ ಇನ್ನೂ ಮಾಣಿ. 2020ರ ಲಾಕ್‌ಡೌನಿನಲ್ಲಿ ಒಂದು ಲ್ಯಾಪ್‌ಟಾಪು, ಎರಡು ಜೀನ್ಸ್ ಪ್ಯಾಂಟು ಹಿಡಿದು ಬೆಂಗಳೂರಿನಿಂದ ಬಂದವನು “ಹದಿನೈದು ದಿನ ನೋಡಿಕೊಂಡು ಹೊರಡ್ತಿ” ಅಂದಿದ್ದ. ಇನ್ನೂ ನೋಡುತ್ತಿದ್ದಾನೆ. ಹಗಲು ಕಂಪನಿ ಕೆಲಸ, ಬೆಳಗ್ಗೆ ಸಂಜೆ ತೋಟಕ್ಕೊಂದು ಸುತ್ತು. ಅಟ್ಟದ ಕೆಳಗಿನ ಕೋಣೆಯಲ್ಲಿ ದೊಡ್ಡ ಟಿವಿ, ಟಿವಿಯ ಪಕ್ಕ ಪ್ಲೇಸ್ಟೇಷನ್ 5. ಅದರ ಮೇಲೆ ಅಮ್ಮ ಹಳೇ ಸೀರೆಯಲ್ಲಿ ಹೊಲಿದ ಗವುಸು. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದಿರಲಿ ಅಂತ ಬಗಲಲ್ಲಿ ಹಗಲೂ ರಾತ್ರಿ ಉರಿಯುವ ನಲವತ್ತು ಕ್ಯಾಂಡಲಿನ ಬಲ್ಬು.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ನಮ್ಮ ಸಾಗರದ ಮಾಣಿ ಆಟ ಆಡುವುದಿಲ್ಲ. ಅವನು ಪ್ಲಾನ್ ನೋಡುತ್ತಾನೆ.

ಸೋನಿಯವರ ಈ ಮೆಷಿನ್ನಿಗೆ ಪ್ಲೇಸ್ಟೇಷನ್ ಪ್ಲಸ್ ಅಂತ ಒಂದು ಚಂದಾ ಇದೆ. 2010ರಲ್ಲಿ ಹುಟ್ಟಿದಾಗ ಒಂದೇ ಇತ್ತು. 2022ರಲ್ಲಿ ಅದನ್ನು ಮೂರು ಮಾಡಿದರು. ಎಸೆನ್ಷಿಯಲ್ ಕೊಂಡರೆ ಊರಾಚೆಯವರ ಜೊತೆ ಆನ್‌ಲೈನಿನಲ್ಲಿ ಆಡಬಹುದು, ತಿಂಗಳಿಗೆ ಎರಡೋ ಮೂರೋ ಆಟ ಸಿಗುತ್ತವೆ. ಎಕ್ಸ್‌ಟ್ರಾ ಕೊಂಡರೆ ನಾನೂರರವರೆಗಿನ ಆಟಗಳ ಭಂಡಾರವೇ ತೆರೆಯುತ್ತದೆ. ಡೀಲಕ್ಸ್‌ನಲ್ಲಿ ಇದರ ಮೇಲೆ ಹಳೇ ಕಾಲದ ಆಟಗಳು, ಹೊಸ ಆಟಗಳನ್ನು ಒಂದೆರಡು ಗಂಟೆ ರುಚಿ ನೋಡುವ ಅವಕಾಶ. ಅಮೆರಿಕದವರಿಗೆ ಡೀಲಕ್ಸ್ ಬದಲು ಪ್ರೀಮಿಯಂ ಅಂತ ಕೊಟ್ಟರು. ಇಳಿಸಿಕೊಳ್ಳದೆ ನೇರ ಇಂಟರ್ನೆಟ್ಟಿನಲ್ಲೇ ಆಡುವ ಸೌಲಭ್ಯ ಅದರಲ್ಲಿ. ನಮಗೆ ಶುರುವಿನಲ್ಲಿ ಅದು ಬರಲಿಲ್ಲ. ನಮ್ಮ ಲೈನು ನೋಡಿದವರು ಯಾರೂ ಇದನ್ನು ಅನ್ಯಾಯ ಅನ್ನಲಾರರು.

ಬೇರೆ ಊರಿನವರಿಗೆ ಇದು ಗೊಂದಲ ಅನಿಸಬಹುದು. ನಮಗಲ್ಲ. ಒಂದೇ ಮರದ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಹೆಸರಿಟ್ಟು ನಾಲ್ಕು ಧಾರಣೆ ಕಟ್ಟಿದವರು ನಾವು. ಸಾಗರದ ಪೇಟೆಗೆ ಬಂದರೆ ಚಾಲಿ, ಕೋಕ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು ಸೇರಿ ಪಟ್ಟಿ ಇನ್ನೂ ಉದ್ದ. ಸೋನಿಯವರು ಮೂರಕ್ಕೇ ನಿಲ್ಲಿಸಿದ್ದು ನೋಡಿದರೆ ವ್ಯಾಪಾರಕ್ಕೆ ಇನ್ನೂ ಹೊಸಬರು ಅನಿಸುತ್ತದೆ.

ಮಾಣಿಯ ತೊಂದರೆ ಮೂರರಲ್ಲಿ ಯಾವುದು ಅನ್ನುವುದಲ್ಲ. ಯಾವಾಗ ಅನ್ನುವುದು. ಅಪ್ಪ, ಅಜ್ಜ ಅಡಿಕೆ ಮೂಟೆ ಅಟ್ಟದಲ್ಲಿಟ್ಟು “ಇನ್ನೊಂದು ವಾರ ನೋಡನ” ಅನ್ನುತ್ತಾ ಬಾಳಿದ ಮನೆ ಅದು. ಮಾರುವವನ ಆ ತಾಳ್ಮೆಯನ್ನೇ ಮಾಣಿ ಕೊಳ್ಳುವುದಕ್ಕೂ ತಂದಿದ್ದಾನೆ. ವರ್ಷಕ್ಕೆರಡು ಸಲ ಚಂದಾ ಮೇಲೆ ರಿಯಾಯಿತಿ ಬಿಡುವುದು ಸೋನಿಯ ಪದ್ಧತಿ. ಮೇ ಕೊನೆಗೆ ‘ಡೇಸ್ ಆಫ್ ಪ್ಲೇ’ ಅಂತ ಒಂದು, ನವೆಂಬರಿನಲ್ಲಿ ‘ಬ್ಲ್ಯಾಕ್ ಫ್ರೈಡೇ’ ಅಂತ ಇನ್ನೊಂದು. ಮೊದಲನೆಯದು ಬಂದು ಮಾಣಿ ಎಸೆನ್ಷಿಯಲ್ಲೋ ಎಕ್ಸ್‌ಟ್ರಾವೋ ಅಂತ ತೂಗುವಷ್ಟರಲ್ಲಿ ಮುಂಗಾರು ಹಿಡಿಯುತ್ತದೆ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು ಅಂದರೆ ಮತ್ತೆ ಬಂದಾಗಲೇ ಬಂತು. “ಈಗ ತಗೊಂಡ್ರೆ ಮೂರು ತಿಂಗಳು ದಂಡ” ಅಂತ ಕೈಬಿಡುತ್ತಾನೆ. ಮತ್ತೆ ನವೆಂಬರ್ ಬಂದಾಗ ಕೊನೆ ಕೊಯ್ಲು. ಕೊನೆಗಾರನ ಹಿಂದೆ ಅಲೆದು, ಅಡಿಕೆ ಸುಲಿಸಿ, ಬೇಯಿಸಿ, ಒಣಗಿಸುವ ದಿನಗಳಲ್ಲಿ ಮಾಣಿಗೆ ಊಟಕ್ಕೇ ಪುರಸೊತ್ತಿಲ್ಲ. ಮಳೆಯೂ ಇಲ್ಲದ ಕೊಯ್ಲೂ ಇಲ್ಲದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪುರಸೊತ್ತಿದೆ, ಕರೆಂಟೂ ಇದೆ, ಆದರೆ ರಿಯಾಯಿತಿ ಇಲ್ಲ. ಪೂರ್ತಿ ದುಡ್ಡು ಕೊಡುವುದು ಅವರ ವಂಶದಲ್ಲೇ ಇಲ್ಲ.

ಲೆಕ್ಕ ಮಾತ್ರ ಅಚ್ಚುಕಟ್ಟು. ಎಕ್ಸೆಲ್ಲಿನಲ್ಲಿ ‘ಪ್ಲಸ್ ಫೈನಲ್’ ಅಂತ ಒಂದು ಶೀಟು, ಅದರ ಪಕ್ಕ ‘ಪ್ಲಸ್ ಫೈನಲ್ ಹೊಸದು’, ಅದರ ಪಕ್ಕ ‘ಇದೇ ಫೈನಲ್’. ಆಟದ ಹೆಸರು, ಮುಗಿಸಲು ಬೇಕಾದ ಗಂಟೆ, ಗಂಟೆಗೆ ಬೀಳುವ ರೂಪಾಯಿ. ಕೊನೆಯ ಕಾಲಮಿನಲ್ಲಿ ಅದೇ ದುಡ್ಡು ಊರಿನ ಸೊಸೈಟಿಯಲ್ಲಿ ಡಿಪಾಸಿಟ್ ಇಟ್ಟರೆ ಬರುವ ಬಡ್ಡಿ. ಮಾಣಿ ಹೆಣ್ಣು ನೋಡಲು ಹೋಗಿ ಬಂದ ಮನೆಗಳಿಗೂ ಇಂಥದೊಂದು ಶೀಟು ಇರಬಹುದು ಅಂತ ಅವನ ಅಮ್ಮನಿಗೆ ಅನುಮಾನ. ಅವರಿಗೆ ಕಂಪ್ಯೂಟರ್ ಬರುವುದಿಲ್ಲವಾದ್ದರಿಂದ ಮನೆಯಲ್ಲಿ ಶಾಂತಿ ಇದೆ.

ಆ ಲೆಕ್ಕದಲ್ಲೂ ಒಂದು ಸಂಗತಿ ಎದ್ದು ಕಾಣುತ್ತಿತ್ತು. ಪ್ಲೇಸ್ಟೇಷನ್ 5ರ ದೊಡ್ಡ ಆಟವೊಂದು ಹೊಸದಾಗಿ ಬಿಡುಗಡೆಯಾದರೆ ಆಗ ಅದರ ಬೆಲೆ ಸಾಮಾನ್ಯವಾಗಿ 4,999 ರೂಪಾಯಿ ಇರುತ್ತಿತ್ತು. 2022ರಲ್ಲಿ ಎಕ್ಸ್‌ಟ್ರಾದ ವರ್ಷದ ಚಂದಾ ಕೂಡ 4,999. ಒಂದು ಆಟದ ದುಡ್ಡಿಗೆ ಇಡೀ ಭಂಡಾರ. ಕಣ್ಣುಮುಚ್ಚಿ ಕೊಳ್ಳಬೇಕಿತ್ತು, ನನ್ನ ಕೇಳಿದರೆ. ಮಾಣಿ ಕಣ್ಣು ಬಿಟ್ಟುಕೊಂಡೇ ಕೂತ. 2023ರ ಆಗಸ್ಟ್ ಕೊನೆಗೆ ಸೋನಿಯವರು ವರ್ಷದ ಚಂದಾ ಏರಿಸುತ್ತೇವೆ ಅಂದರು. ಹೊಸ ಧಾರಣೆ ಜಾರಿಯಾಗುವುದು ಸೆಪ್ಟೆಂಬರ್ 6ಕ್ಕೆ. ಅಂದರೆ ಹಳೇ ದರದಲ್ಲಿ ಕೊಳ್ಳಲು ಪೂರ್ತಿ ಒಂದು ವಾರ ಕೈಯಲ್ಲಿತ್ತು. ಏರಿದ ಧಾರಣೆ ಇಳಿದೇ ಇಳಿಯುತ್ತದೆ ಅನ್ನುವುದು ಅಡಿಕೆ ಬೆಳೆದವನ ಅನುಭವ, “ನೋಡನ” ಅಂದ. ಎಕ್ಸ್‌ಟ್ರಾ 6,699ಕ್ಕೆ ಹೋಯಿತು. ಧಾರಣೆ ಏರಿತು ಅನ್ನುವ ಸುದ್ದಿಗೆ ಆ ಮನೆಯಲ್ಲಿ ಒಬ್ಬರು ಬೇಜಾರು ಮಾಡಿಕೊಂಡದ್ದು ಅದೇ ಮೊದಲಿರಬೇಕು.

ಹೊಸನಗರದ ಮಾಣಿ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅವನ ಸಮಸ್ಯೆ ಆಕಾಶದಿಂದ ಬರುವಂಥದ್ದು. ಹುಲಿಕಲ್ಲಿನ ಮಳೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂವತ್ತು ಎಂಬಿಪಿಎಸ್ ಲೈನು ಹೇಳಿದಷ್ಟೂ ಬಂದರೂ ನೂರು ಜಿಬಿಯ ಆಟ ಇಳಿಯಲು ಹತ್ತಿರ ಹತ್ತಿರ ಏಳೂವರೆ ಗಂಟೆ ಬೇಕು. ಆಷಾಢದಲ್ಲಿ ಏಳೂವರೆ ಗಂಟೆ ಒಂದೇ ಸಮ ಕರೆಂಟು ಇದ್ದರೆ ಅಲ್ಲಿಯ ಜನ ಏನಾಯಿತೋ ಅಂತ ಗಾಬರಿಯಾಗಿ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟವರ ಮೊಮ್ಮಗ ಅವನು. ನಾಡಿಗೆಲ್ಲ ಬೆಳಕು ಕೊಟ್ಟವರು ನಾವು ಅಂತ ಇನ್ವರ್ಟರಿನ ಬೆಳಕಲ್ಲಿ ಕೂತು ಹೇಳುತ್ತಾನೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುತ್ತಾನೆ, ಆಡಿ ಮುಗಿಸುತ್ತಾನೆ, ಐನೂರು ಕಮ್ಮಿಗೆ ಮಾರುತ್ತಾನೆ. ಮೂವರಲ್ಲಿ ನಿಜವಾಗಿ ಆಡುವವನು ಇವನೊಬ್ಬನೇ, ಹಾಗಾಗಿ ಇವನ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ತೀರ್ಥಹಳ್ಳಿಯ ಮಾಣಿಗೆ ಇದು ದುಡ್ಡಿನ ಪ್ರಶ್ನೆಯೇ ಅಲ್ಲ, ತತ್ವದ್ದು. ಕೊಪ್ಪ ಸರ್ಕಲ್ಲಿನಲ್ಲಿ ಬೈಟು ಕಾಫಿ ಹಿಡಿದು ನಿಂತರೆ ಅರ್ಧ ಗಂಟೆ ಭಾಷಣ. “ಮಾರಾಯ, 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗೆ ಇಳಿದು ಜೈಲಿಗೆ ಹೋಗಿದ್ದು ಎಂತಕ್ಕೆ? ಗೇಣಿ ಅಳೆಯುವ ಕೊಳಗ ದೊಡ್ಡದು ಮಾಡಿದ್ರು ಅಂತ. ಈಗ ಸೋನಿ ಮಾಡಿದ್ದೆಂತದು? ಕೊಳಗ ದೊಡ್ಡದು ಮಾಡಿದ್ದೇ. ಲೋಹಿಯಾ ಅಲ್ಲಿಗೆ ಬಂದು ಅರೆಸ್ಟ್ ಆದ್ರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ರು, ಆಮೇಲೆ ನಮ್ಮ ತೀರ್ಥಹಳ್ಳಿಯಿಂದ. ಅಂಥಾ ನೆಲದಲ್ಲಿ ಕೂತು ನಾವು ವರ್ಷಾ ವರ್ಷಾ ಗೇಣಿ ಕೊಟ್ಟು ಆಟ ಆಡಬೇಕಾ? ದುಡ್ಡು ನಿಲ್ಲಿಸಿದ ದಿನ ಒಂದು ಆಟವೂ ನಿಂದಲ್ಲ. ಅವರದೇ ಸ್ಟುಡಿಯೋದ ಹೊರೈಜನ್ ಝೀರೋ ಡಾನ್ ಎಕ್ಸ್‌ಟ್ರಾದಲ್ಲಿತ್ತಲ್ಲ, 2024ರ ಮೇ ತಿಂಗಳಲ್ಲಿ ಒಕ್ಕಲೆಬ್ಬಿಸಿದ್ರು. ಅರ್ಧ ಆಡಿದವನ ಗತಿ ಎಂತ? ಉಳುವವನೇ ಹೊಲದೊಡೆಯ ಆದ್ರೆ ಆಡುವವನೇ ಆಟದೊಡೆಯ ಆಗಬೇಕು!”

ಕಾಗೋಡಿನ ಕಾಲದಲ್ಲಿ ಇವನ ಅಜ್ಜ ಕೊಳಗದ ಯಾವ ಬದಿಗಿದ್ದರು ಅನ್ನುವುದು ಸರ್ಕಲ್ಲಿನಲ್ಲಿ ನಿಂತ ಹಿರಿಯರಿಗೆಲ್ಲ ಗೊತ್ತು. ಕಾಫಿಯ ದುಡ್ಡು ಅವನೇ ಕೊಡುವುದರಿಂದ ಯಾರೂ ಎತ್ತುವುದಿಲ್ಲ. ಇಷ್ಟು ಮಾತಾಡಿದವನ ಮನೆಯ ಟಿವಿಯಲ್ಲಿ ಡೀಲಕ್ಸ್ ಇದೆ. ಶಿವಮೊಗ್ಗದ ಭಾವನ ಅಕೌಂಟು, ಇವನ ಮೆಷಿನ್ನಿನಲ್ಲಿ ಕನ್ಸೋಲ್ ಶೇರಿಂಗ್. ಗೇಣಿ ಭಾವನದು, ಫಸಲು ಇವನದು.

ಇತ್ತ ನಮ್ಮ ಸಾಗರದ ಮಾಣಿ ಈಗ ಸೀಮೆಗೆಲ್ಲ ಸಲಹೆಗಾರ. ಹೊಸದಾಗಿ ಪ್ಲೇಸ್ಟೇಷನ್ ತಂದವರೆಲ್ಲ ಇವನಿಗೇ ಫೋನ್ ಮಾಡುವುದು. ಎತ್ತರದ ಪ್ಲಾನಿಗೆ ಹತ್ತುವುದು ಸುಲಭ, ವ್ಯತ್ಯಾಸದ ದುಡ್ಡು ಕಟ್ಟಿದರಾಯಿತು. ಆದರೆ ಎರಡು ಮೂರು ವರ್ಷಕ್ಕೆ ಒಟ್ಟಿಗೇ ಚಂದಾ ಕಟ್ಟಿಕೊಂಡವನು ಉಳಿದ ಅಷ್ಟೂ ಅವಧಿಗೆ ವ್ಯತ್ಯಾಸ ತುಂಬಬೇಕು, ಒಂದು ತಿಂಗಳಿಗೆ ಮಾತ್ರ ಅಂದರೆ ನಡೆಯುವುದಿಲ್ಲ. ಕೆಳಗೆ ಇಳಿಯಬೇಕೆಂದರೆ ಅವಧಿ ಮುಗಿಯುವವರೆಗೆ ಕಾಯಬೇಕು. ಇದನ್ನೆಲ್ಲ ಇವನಷ್ಟು ಬಿಡಿಸಿ ಹೇಳುವವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಇವನ ಮಾತು ಕೇಳಿ ಚಂದಾ ಕಟ್ಟಿದವರು ಆಡಿ, ಬೇಜಾರಾಗಿ, ಮೆಷಿನ್ನನ್ನೇ ಮಾರಿದ್ದೂ ಆಗಿದೆ. ಇವನು ಮಾತ್ರ ಮೆಷಿನ್ನಿನ ಜೊತೆ ಪುಕ್ಕಟೆ ಬಂದ ಆಸ್ಟ್ರೋ ರೋಬೋದ ಆಟವನ್ನೇ ಆಗಾಗ ಒಂದು ಗಳಿಗೆ ತಿರುವಿ ಹಾಕುತ್ತಾನೆ. ಬೇಸಿಗೆ ರಜೆಗೆ ಬಂದ ಅಕ್ಕನ ಮಗ ಫೋರ್ಟ್‌ನೈಟ್ ಇಳಿಸಿಕೊಂಡು ಜಗತ್ತಿನ ಮೂಲೆಮೂಲೆಯವರ ಜೊತೆ ಆಡುತ್ತಾ ಕೂತಾಗ ಮಾಣಿ ದಂಗಾದ. “ಮಾವಾ, ಇದಕ್ಕೆ ಪ್ಲಾನೇ ಬೇಡ” ಅಂದ ಹುಡುಗ, ಟಿವಿಯಿಂದ ಕಣ್ಣು ತೆಗೆಯದೆ. ಮಾಣಿಗೆ ಆ ಆಟದ ಮೇಲೆ ಅಂದಿನಿಂದ ಗೌರವ ಇಲ್ಲ.

2025ರ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಮೈಕ್ರೋಸಾಫ್ಟಿನವರೂ ತಮ್ಮ ಎಕ್ಸ್‌ಬಾಕ್ಸಿನ ಗೇಮ್ ಪಾಸನ್ನು ಎಸೆನ್ಷಿಯಲ್, ಪ್ರೀಮಿಯಂ, ಅಲ್ಟಿಮೇಟ್ ಅಂತ ಮೂರು ದರ್ಜೆ ಮಾಡಿ ಹೊಸ ಧಾರಣೆ ಪ್ರಕಟಿಸಿದರು. ಮಾಣಿಯ ಮನೆಯಲ್ಲಿ ಎಕ್ಸ್‌ಬಾಕ್ಸ್ ಇಲ್ಲ, ತರುವ ವಿಚಾರವೂ ಇಲ್ಲ. ಆದರೂ ಅಂದು ಸಂಜೆ ತೋಟಕ್ಕೆ ಹೋಗುವುದನ್ನೂ ಬಿಟ್ಟು ಹೊಸ ಶೀಟು ತೆರೆದ. ಅಲ್ಟಿಮೇಟ್ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್ ಇದ್ದದ್ದು 29.99 ಆಗಿದೆ ಅಂತ ಕಂಡಾಗ ತಡೆಯಲಾರದೆ ಕೂಗಿಯೇ ಬಿಟ್ಟ: “ಅಬ್ಬಾ, ಒಂದೇ ದಿನದಲ್ಲಿ ಐವತ್ತು ಪರ್ಸೆಂಟ್ ಏರಿತಲ್ಲಾ!”

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪಯ್ಯ ದಡಬಡಿಸಿ ಎದ್ದು ಬಂದು ಬಾಗಿಲಲ್ಲಿ ನಿಂತರು.

“ಎಂತದಾ ಏರಿದ್ದು? ಯಾವ ಮಂಡಿಲಾ?”