ಗಾಲಿಮನೆಯ ಮುಂಗಾರು

ಅಮೆರಿಕದಲ್ಲಿ ಆರ್‌ವಿ ಎಂದು ಕರೆಯಲಾಗುವ ಗಾಲಿಮನೆ, ಅಂದರೆ ಅಡುಗೆಕಟ್ಟೆ, ಹಾಸಿಗೆ, ಬಚ್ಚಲುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಸಾಗಬಲ್ಲ ವಾಹನ, ಮುಖ್ಯವಾಗಿ ಎರಡು ಬಗೆಯದು: ಸ್ವಂತ ಎಂಜಿನ್ನಿನಿಂದ ತಾನೇ ಓಡುವುದು ಒಂದು, ಪಿಕಪ್ ಟ್ರಕ್ಕಿಗೆ ಕೊಕ್ಕೆ ಹಾಕಿಸಿಕೊಂಡು ಎಳೆಸಿಕೊಳ್ಳುವುದು ಇನ್ನೊಂದು. ಅರಿಜೋನಾ ರಾಜ್ಯದ ಸೊನೋರಾ ಮರುಭೂಮಿಯ ಬೇಸಿಗೆಯನ್ನು ಗಣನೆಗೆ ತೆಗೆದುಕೊಂಡರೆ ಮೂರನೆಯ ಬಗೆಯೊಂದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅದು ಓಡುವುದೂ ಇಲ್ಲ, ಎಳೆಸಿಕೊಳ್ಳುವುದೂ ಇಲ್ಲ. ಬಿಸಿಲಿಗೆ ಟೈರು ಬಿರುಕು ಬಿಡದಂತೆ ಅದರ ಗಾಲಿಗಳಿಗೆ ಬಿಳಿಯ ಮುಸುಕು ತೊಡಿಸಿರುತ್ತಾರೆ, ಮೂಲೆಗಳಿಗೆ ಜ್ಯಾಕ್ ಕೊಟ್ಟಿರುತ್ತಾರೆ, ಬಾಗಿಲ ಮುಂದೆ ಕುಂಡದಲ್ಲಿ ಗಿಡ ನೆಟ್ಟಿರುತ್ತಾರೆ. ಹವೆ ಹಿಡಿಸದಿದ್ದರೆ ಮನೆಯನ್ನೇ ಬೇರೆಡೆಗೆ ಒಯ್ಯಬಹುದು ಎಂಬ ಒಂದೇ ಕಾರಣಕ್ಕೆ ಕೊಂಡ ಮನೆ, ಹವೆ ಅತ್ಯಂತ ಹಿಡಿಸದಿರುವ ತಿಂಗಳುಗಳಲ್ಲೇ ನೆಲಕಚ್ಚಿ ಕೂತಿರುತ್ತದೆ.

ಹೊರಡಬಲ್ಲವರು ಆಗಲೇ ಹೊರಟಿರುತ್ತಾರೆ. ಕೆನಡಾ ಮತ್ತು ಅಮೆರಿಕದ ಉತ್ತರದ ರಾಜ್ಯಗಳ ಹಿಮದಿಂದ ತಪ್ಪಿಸಿಕೊಳ್ಳಲು ಚಳಿಗಾಲಕ್ಕೆ ಇಲ್ಲಿಗೆ ಬರುವ ನಿವೃತ್ತರನ್ನು ಸ್ಥಳೀಯರು ‘ಸ್ನೋಬರ್ಡ್‌’ಗಳು, ಎಂದರೆ ಹಿಮದ ಹಕ್ಕಿಗಳು, ಎನ್ನುತ್ತಾರೆ. ಕ್ವಾರ್ಟ್ಜ್‌ಸೈಟ್ ಊರಿನ ಬಳಿಯ ಲಾ ಪೋಸಾ ಎಂಬ ಸರ್ಕಾರಿ ಬಯಲಿನಲ್ಲಿ ದೀರ್ಘಕಾಲ ತಂಗುವವರಿಗೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಸಿಗುವುದೂ ಈ ಹಕ್ಕಿಗಳ ಲೆಕ್ಕಾಚಾರಕ್ಕೆ ಸರಿಯಾಗಿಯೇ ಇದೆ. ಅವರು ಹೋದ ಮೇಲೆ ಉಳಿಯುವವರಿಗೆ ಉಳಿಯಲು ಬಲವಾದ ಕಾರಣಗಳಿರುತ್ತವೆ: ನೌಕರಿ ಇಲ್ಲಿದೆ, ವರ್ಷದ ಜಾಗದ ಬಾಡಿಗೆ ಕಟ್ಟಿಯಾಗಿದೆ, ಎಳೆಯಬೇಕಾದ ಟ್ರಕ್ಕು ಗ್ಯಾರೇಜಿನಲ್ಲಿದೆ, ಬೆಕ್ಕಿಗೆ ಪ್ರಯಾಣ ಆಗುವುದಿಲ್ಲ. ಇವೆಲ್ಲ ಇಲ್ಲದಿದ್ದಾಗ, ಸೆಕೆಯೇನೋ ಇದೆ, ಆದರೆ ಒಣ ಸೆಕೆ ಎಂಬ ಸಮರ್ಥನೆ ಬರುತ್ತದೆ. ಅರಿಜೋನಾದವರು ಶತಮಾನಗಳಿಂದ ಆಡಿಕೊಂಡು ಬಂದಂತೆ ಕಾಣುವ ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಗಾಳಿಯಲ್ಲಿ ತೇವವಿಲ್ಲದಾಗ ಬೆವರು ಕೂಡಲೇ ಆರಿ ಮೈ ತಂಪಾಗುತ್ತದೆ. ಆದರೆ ಫೀನಿಕ್ಸ್ ನಗರದಲ್ಲಿ 1990ರ ಜೂನ್ 26ರಂದು ದಾಖಲಾದ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಣಗಿರುವುದರಿಂದ ಯಾರಿಗೆ ಎಷ್ಟು ಸುಖವೆಂಬುದು ವಿಚಾರಾರ್ಹ.

ಗಾಲಿಮನೆಯ ಗೋಡೆ ಸುಮಾರು ಎರಡು ಅಂಗುಲ ದಪ್ಪವಿರುವುದರಿಂದ ಒಳಗಿಗೂ ಹೊರಗಿಗೂ ಇರುವ ವ್ಯತ್ಯಾಸವನ್ನು ಕಾಯ್ದುಕೊಳ್ಳುವ ಹೊಣೆಯೆಲ್ಲ ಮಾಡಿನ ಮೇಲೆ ಕೂತ ಎ.ಸಿ.ಯದು. ಈ ಎ.ಸಿ. ತಾನು ಒಳಗೆಳೆದುಕೊಂಡ ಗಾಳಿಯನ್ನು ಸುಮಾರು 11 ಡಿಗ್ರಿಯಷ್ಟು ತಣ್ಣಗಾಗಿಸಿ ಬಿಡುತ್ತದೆಯೇ ಹೊರತು ಗಿರಿಧಾಮವನ್ನು ಸೃಷ್ಟಿಸುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಎಡೆಬಿಡದೆ ಗುರುಗುಟ್ಟಿದರೂ ಒಳಗಿನ ಉಷ್ಣತೆ ಮೆಲ್ಲಗೆ ಏರುತ್ತಲೇ ಇರುತ್ತದೆ. ಅದಕ್ಕಾಗಿ ನಿವಾಸಿಗಳು ಕಿಟಕಿಗಳಿಗೆಲ್ಲ ಬೆಳ್ಳಿಬಣ್ಣದ ಗುಳ್ಳೆಹಾಳೆ ಕತ್ತರಿಸಿ ಅಂಟಿಸಿ, ನಡುಹಗಲಿನಲ್ಲಿ ದೀಪ ಹಚ್ಚಿಕೊಂಡು ಕೂರುತ್ತಾರೆ. ಕರೆಂಟಿನ ಲೆಕ್ಕವೂ ಇಲ್ಲಿ ಮನೆಯವರೆಲ್ಲ ಕಂಠಪಾಠ ಮಾಡಬೇಕಾದ ಮಗ್ಗಿ. 30 ಆಂಪ್ ಸಂಪರ್ಕವಿರುವ ಗಾಲಿಮನೆಗೆ 120 ವೋಲ್ಟಿನಲ್ಲಿ ಸಿಗುವುದು ಒಟ್ಟು 3,600 ವ್ಯಾಟ್. ಎ.ಸಿ. ಓಡುತ್ತಿರುವಾಗ ಮೈಕ್ರೋವೇವಿನಲ್ಲಿ ಅನ್ನ ಬಿಸಿಗಿಟ್ಟು, ಅದೇ ಗಳಿಗೆಯಲ್ಲಿ ಇನ್ನೊಬ್ಬರು ಕೂದಲು ಒಣಗಿಸಲು ಹೊರಟರೆ ಸ್ವಿಚ್ಚು ಟ್ರಿಪ್ ಆಗುತ್ತದೆ. ಆದ್ದರಿಂದ ಒಂದು ಕುಟುಂಬದ ಸಾಮರಸ್ಯವನ್ನು ಅಳೆಯಬೇಕೆಂದಿರುವ ಸಮಾಜಶಾಸ್ತ್ರಜ್ಞರು, ‘ಮೈಕ್ರೋವೇವ್ ಹಾಕ್ಲಾ?’ ಎಂದು ಕೇಳಿಯೇ ಹಾಕುವವರು ಆ ಮನೆಯಲ್ಲಿ ಎಷ್ಟು ಮಂದಿ ಎಂದು ಎಣಿಸಿದರೆ ಸಾಕು.

ಫ್ರಿಜ್ಜಿನ ವಿಚಾರ ಇನ್ನೂ ಸೂಕ್ಷ್ಮ. ಹಳೆಯ ಗಾಲಿಮನೆಗಳಲ್ಲಿರುವುದು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ತತ್ತ್ವದ ಮೇಲೆ ನಡೆಯುವ ಯಂತ್ರ: ಅಮೋನಿಯ ಬೆರೆಸಿದ ನೀರನ್ನು ಗ್ಯಾಸ್ ಉರಿಯಿಂದಲೋ ಕರೆಂಟಿನಿಂದಲೋ ಕಾಯಿಸಿ, ಆ ಕಾವಿನ ಬಲದಿಂದಲೇ ತಂಪು ಹುಟ್ಟಿಸುವುದು ಅದರ ಕ್ರಮ. ತನ್ನ ಶಾಖವನ್ನು ಅದು ಹಿಂದಿನ ಗಾಳಿಗೆ ಬಿಟ್ಟುಕೊಡಬೇಕು. ಹಿಂದಿನ ಗಾಳಿಯೇ ಕಾದಿರುವಾಗ ಮೊಸರು ಸಂಜೆಯೊಳಗೆ ಹುಳಿಬರುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿದ ಯಂತ್ರಕ್ಕೆ ಅರಿಜೋನಾದ ಕಲ್ಪನೆ ಇರಬೇಕಿತ್ತೆಂದು ಬಯಸುವುದು ನ್ಯಾಯವಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವುದನ್ನು ಮಾತ್ರ ಎಲ್ಲರೂ ಉಳಿತಾಯದ ಬಾಬತ್ತಿನಲ್ಲಿ ಬರೆದುಕೊಳ್ಳುತ್ತಾರೆ.

ಈ ಸ್ಥಿತಿಯಲ್ಲಿ ಎಲ್ಲರೂ ಎದುರುನೋಡುವುದು ಮುಂಗಾರನ್ನು. ಭಾರತದ ಮುಂಗಾರಿನಂತೆ ಇಲ್ಲಿಯೂ ಕಾದ ನೆಲ ಗಾಳಿಯ ದಿಕ್ಕನ್ನು ಬದಲಿಸಿ, ಮೆಕ್ಸಿಕೊ ಕಡೆಯಿಂದ, ಕ್ಯಾಲಿಫೋರ್ನಿಯ ಕೊಲ್ಲಿಯ ಮೇಲಿಂದ ತೇವವನ್ನು ಎಳೆದು ತರುತ್ತದೆ. ಅದು ಯಾವಾಗ ಆರಂಭವಾಗುತ್ತದೆಂಬ ಬಗ್ಗೆ ಮತಭೇದವಿದೆ. ಟೂಸಾನ್ ನಗರದ ಹಳಬರು ಜೂನ್ 24ರ ಸಂತ ಯೋಹಾನನ ಹಬ್ಬವನ್ನು ಹೇಳುತ್ತಾರೆ. ಟೊಹೊನೊ ಒಡಾಮ್ ಎಂಬ ಇಲ್ಲಿನ ಮೂಲನಿವಾಸಿ ಜನ ಸಗ್ವಾರೋ ಎಂಬ ಕಂಬಗಳ್ಳಿಯ ಹಣ್ಣು ಕೊಯ್ದು, ಅದರ ಮದ್ಯವನ್ನು ವಿಧಿಪೂರ್ವಕ ಕುಡಿದು ಮಳೆಯನ್ನು ಕರೆಯುತ್ತಾರೆ. ಹವಾಮಾನ ಇಲಾಖೆ ಮೊದಲು ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಯನ್ನು, ಅಳೆಯುತ್ತಿತ್ತು. ಫೀನಿಕ್ಸಿನಲ್ಲಿ ಅದು ಸತತ ಮೂರು ದಿನ ಸುಮಾರು 13 ಡಿಗ್ರಿ ಮುಟ್ಟಿದರೆ ಮುಂಗಾರು ಬಂತೆಂದು ಅರ್ಥ. 2008ರಿಂದ ಈ ತೊಡಕೇ ಬೇಡವೆಂದು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮುಂಗಾರೆಂದು ಗೊತ್ತುಮಾಡಲಾಗಿದೆ. ಹೀಗಾಗಿ ಒಂದು ತುಂಡು ಮೋಡವೂ ಇಲ್ಲದ ಆಕಾಶದ ಕೆಳಗೆ ಕಾನೂನುಬದ್ಧವಾಗಿ ಮಳೆಗಾಲ ನಡೆಯುತ್ತಿರುತ್ತದೆ. ಮೂರರಲ್ಲಿ ಕಳ್ಳಿಹಣ್ಣಿನ ಪದ್ಧತಿಯೇ ಮೇಲೆಂದು ತೋರುತ್ತದೆ. ಮಳೆ ಬಾರದಿದ್ದರೂ ಮದ್ಯವಂತೂ ಉಳಿಯುತ್ತದೆ.

ಫೀನಿಕ್ಸಿಗೆ ಇಡೀ ಮುಂಗಾರಿನಲ್ಲಿ ಬೀಳುವ ಸರಾಸರಿ ಮಳೆ ಸುಮಾರು 61 ಮಿಲಿಮೀಟರ್. ಪಕ್ಕದ ಚಾಂಡ್ಲರಿನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಯಾರಾದರೂ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಕಡೆಯವರಿದ್ದರೆ ಇದನ್ನು ಮಳೆಯೆಂದು ಒಪ್ಪಿಸುವುದು ಕಷ್ಟವಾದೀತು. ಆದರೆ ಗಾಲಿಮನೆಯವರ ಪಾಲಿಗೆ ಮುಖ್ಯವಾದದ್ದು ಬೀಳುವ ನೀರಲ್ಲ, ಬೀಳದೆ ಗಾಳಿಯಲ್ಲೇ ಉಳಿಯುವ ನೀರು. ಕರೆಂಟಿನ ಬಿಲ್ಲಿಗೆ ಹೆದರಿ ಸ್ವಾಂಪ್ ಕೂಲರ್, ಅಂದರೆ ಒದ್ದೆ ಹುಲ್ಲಿನ ಮೂಲಕ ಗಾಳಿ ಹಾಯಿಸುವ ನಮ್ಮ ಏರ್‌ಕೂಲರನ್ನೇ, ನಂಬಿದವರಿಗೆ ಜೂನಿನಲ್ಲಿ ಸಿಕ್ಕ ಸುಖ ಜುಲೈಯಲ್ಲಿ ಸಿಗುವುದಿಲ್ಲ. ನೀರು ಆರದ ಕಡೆ ತಂಪು ಹುಟ್ಟುವುದಿಲ್ಲವಾದ್ದರಿಂದ ಆ ಯಂತ್ರ ಬಿಸಿಗಾಳಿಯನ್ನು ಒದ್ದೆ ಮಾಡಿ ಮುಖಕ್ಕೆ ಊದುತ್ತದೆ. ಸೆಕೆಯಿಂದ ಪಾರುಮಾಡಲೆಂದು ಹಾರೈಸಿ ಕರೆದ ಅತಿಥಿ ಬಂದ ಕೂಡಲೇ ಮಾಡುವ ಮೊದಲ ಕೆಲಸವೆಂದರೆ, ಒಣ ಸೆಕೆ ಎಂಬ ಏಕೈಕ ಸಮಾಧಾನವನ್ನು ಕಿತ್ತುಕೊಳ್ಳುವುದು.

ಎರಡನೆಯ ಕೆಲಸ ಧೂಳು. ದೂರದಲ್ಲಿ ಗುಡುಗಿನ ಮೋಡವೊಂದು ಕುಸಿದಾಗ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡಿ, ಒಣ ಹೊಲಗಳ ಮಣ್ಣನ್ನು ಗೋಡೆಯೆತ್ತರ ಎಬ್ಬಿಸಿಕೊಂಡು ಬರುವುದಕ್ಕೆ ಹಬೂಬ್ ಎಂದು ಹೆಸರು. 2011ರ ಜುಲೈ 5ರಂದು ಫೀನಿಕ್ಸನ್ನು ನುಂಗಿದ ಹಬೂಬಿನ ಎತ್ತರ ಸುಮಾರು ಒಂದೂವರೆ ಕಿಲೋಮೀಟರ್ ಇತ್ತು, ಅಗಲ 160 ಕಿಲೋಮೀಟರ್ ಸಮೀಪಿಸಿತ್ತು. ಅದು ಕಂಡೊಡನೆ ಗಾಲಿಮನೆಗಳ ಸಾಲಿನಲ್ಲಿ ಏಳುವ ಒಂದೇ ಕೂಗು ‘ಆನಿಂಗ್ ಸುತ್ತಿ!’ ಎಂಬುದು. ಆನಿಂಗ್ ಎಂದರೆ ಮನೆಯ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ. ಬೇಸಿಗೆಯಲ್ಲಿ ಅದಿಲ್ಲದೆ ಬಾಗಿಲ ಬಳಿ ನಿಲ್ಲಲಾಗದು, ಗಾಳಿಯಲ್ಲಿ ಅದಿದ್ದರೆ ಮಾಡಿನ ಮೇಲೆ ಮಗುಚಿ ಎ.ಸಿ.ಯನ್ನು ಅಪ್ಪಿಕೊಳ್ಳುತ್ತದೆ. ಗಾಳಿ ನಿಂತ ಮೇಲೆ ಮುಚ್ಚಿಟ್ಟ ಸಕ್ಕರೆ ಡಬ್ಬಿಯೊಳಗೂ ಬೆರಳಿಗೆ ನಯವಾಗಿ ಹತ್ತುವ ಕಂದುಪುಡಿ ಸಿಗುವುದುಂಟು. ಅದರ ಬೆನ್ನಿಗೇ ನಾಲ್ಕು ಹನಿ ಬಿದ್ದರೆ ಊರಿಗೆ ಊರೇ ಕೆಸರು ಬಳಿದುಕೊಂಡು ನಿಲ್ಲುತ್ತದೆ.

ನಿಜವಾದ ಮಳೆ ಬಂದಾಗ ಆಗುವುದು ಮಾಡಿನ ಪರೀಕ್ಷೆ. ಮಾಡಿಗೆ ಹೊದಿಸಿರುವುದು ಹಲವೆಡೆ ಕೃತಕ ರಬ್ಬರಿನ ಹಾಳೆ. ಎ.ಸಿ., ಗಾಳಿಕಿಂಡಿ, ಕೊಳವೆಗಳಿಗಾಗಿ ಕೊರೆದ ತೂತುಗಳ ಸುತ್ತ ಬಳಿದ ಅಂಟು ತಿಂಗಳುಗಟ್ಟಲೆ ಬಿಸಿಲಿಗೆ ಒಡೆದಿರುತ್ತದೆ. ನೀರು ಒಳಬರುವುದು ಒಂದು ಕಡೆ, ಕಾಣಿಸಿಕೊಳ್ಳುವುದು ಇನ್ನೊಂದು ಕಡೆ: ಬಚ್ಚಲಿನ ಗಾಳಿಕಿಂಡಿಯ ಅಂಚಿನಲ್ಲಿ ನುಸುಳಿದ ಹನಿ ಛಾವಣಿಯ ಒಳಪದರದಲ್ಲೇ ತೆವಳಿ, ದೀಪದ ಬುರುಡೆಯ ಸುತ್ತ ಚಹಾಬಣ್ಣದ ಉಂಗುರ ಬಿಡಿಸಿ, ಕೊನೆಗೆ ಹಾಸಿಗೆಯ ನಟ್ಟನಡುವೆ ತೊಟ್ಟಿಕ್ಕುತ್ತದೆ. ಪಾತ್ರೆ ಇಟ್ಟವರಿಗೆ ಮಲಗಲು ಜಾಗವಿಲ್ಲ, ಮಲಗಿದವರಿಗೆ ಪಾತ್ರೆ ಇಡಲು ಜಾಗವಿಲ್ಲ. ಆದರೂ ಕ್ರಿಯೊಸೋಟ್ ಎಂಬ ಮರುಭೂಮಿಯ ಪೊದೆ ಮಳೆ ತಾಕಿದೊಡನೆ ಹೊಮ್ಮಿಸುವ ಘಾಟು ಪರಿಮಳಕ್ಕೆ ಎಲ್ಲರೂ ಆ ಪಾತ್ರೆಯನ್ನು ಬಿಟ್ಟು ಹೊರಬರುತ್ತಾರೆಂಬುದನ್ನು ಹೇಳದೆ ಇರಲಾಗದು. ತಿಂಗಳುಗಟ್ಟಲೆ ನೆಲದಡಿ ಮಲಗಿದ್ದ ಸ್ಪೇಡ್‌ಫೂಟ್ ಕಪ್ಪೆಗಳೂ ಗುಡುಗಿನ ಕಂಪನಕ್ಕೆ ಎದ್ದು ಬಂದು, ಕುರಿಗಳಂತೆ ಅರಚುತ್ತ ರಾತ್ರಿಯಿಡೀ ಮದುವೆ ನಡೆಸುತ್ತವೆ. ಹೊಂಡ ಒಣಗುವುದರೊಳಗೆ ಸಂಸಾರ ಮುಗಿಯಬೇಕಾದ್ದರಿಂದ ಅವುಗಳ ಗೊದಮೊಟ್ಟೆಗಳು ಎಂಟು ದಿನಗಳಷ್ಟು ಬೇಗ ಕಪ್ಪೆಗಳಾಗಬಲ್ಲವು.

ನೆರಳಿನ ಆಸೆಗೆ ‘ವಾಶ್’ ಎಂಬ ಒಣಹಳ್ಳದ ಮರಗಳ ಕೆಳಗೆ ಗಾಲಿಮನೆ ನಿಲ್ಲಿಸುವವರೂ ಇದ್ದಾರೆ. ಹಲವು ಮೈಲಿ ದೂರ ಸುರಿದ ಮಳೆ ನೀಲಿ ಆಕಾಶದ ಕೆಳಗೇ ಆ ಹಳ್ಳದಲ್ಲಿ ಪ್ರವಾಹವಾಗಿ ಬರುತ್ತದೆ. ಆಗ ಗಾಲಿಮನೆ ಕಡೆಗೂ ಚಲಿಸುತ್ತದೆ, ಆದರೆ ಮಾಲೀಕರ ಇಚ್ಛೆಯಂತಲ್ಲ. ತಡೆಗಟ್ಟೆ ದಾಟಿ ನೀರಿಗೆ ವಾಹನ ಇಳಿಸಿದವರಿಂದ ರಕ್ಷಣೆಯ ಖರ್ಚನ್ನು ವಸೂಲು ಮಾಡಲು 1995ರಲ್ಲಿ ಈ ರಾಜ್ಯ ಮಾಡಿದ ಕಾನೂನನ್ನು ಜನ ‘ಮೂರ್ಖ ಚಾಲಕರ ಕಾನೂನು’ ಎಂದೇ ಕರೆಯುತ್ತಾರೆ.

ಇಷ್ಟೆಲ್ಲ ಕೋಟಲೆ ಕೊಡುವ ಮುಂಗಾರು ಬಾರದೇ ಹೋದರೆ ಅದೂ ಸಹಿಸಲಾಗದ ವಿಷಯ. 2023ರಲ್ಲಿ ಫೀನಿಕ್ಸ್ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ 43 ಡಿಗ್ರಿಗಿಂತ ಹೆಚ್ಚಿನ ಗರಿಷ್ಠ ಉಷ್ಣತೆಯಲ್ಲಿ ಬೆಂದಿತು. ಆ ಇಡೀ ಮುಂಗಾರಿನಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಳೆದ ಮಳೆ ನಾಲ್ಕು ಮಿಲಿಮೀಟರನ್ನೂ ಮುಟ್ಟಲಿಲ್ಲ. ಹಿಂದಿನ ವರ್ಷದ ಸೋರಿಕೆ ನೆನೆದು ಮೇ ತಿಂಗಳಲ್ಲೇ ಮಾಡು ಹತ್ತಿ, ಮೊಣಕಾಲು ಸುಟ್ಟುಕೊಂಡು, ಕೊಳವೆಗಟ್ಟಲೆ ಅಂಟು ಬಳಿದಿದ್ದ ಗೃಹಸ್ಥರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಹಾಸಿಗೆಯ ಮೇಲೆ ಒಂದು ಹನಿಯೂ ಬೀಳಲಿಲ್ಲವೆಂಬ ಅವರ ಹೆಗ್ಗಳಿಕೆಯನ್ನು, ಆ ವರ್ಷ ಅಂಟೇ ಹಚ್ಚದಿದ್ದ ನೆರೆಯವರು ಕೂಡ ಅಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳಬಹುದಾಗಿತ್ತು.