ಗಾಳದ ಮೇಷ್ಟ್ರು

ಚಿತ್ರದುರ್ಗ ಜಿಲ್ಲೆಯಲ್ಲಿ ಗಾಳ ಹಾಕುವುದನ್ನು ಕಲಿಸುತ್ತೇನೆ ಎಂದು ಹೊರಡುವವರಿಗೆ ಮೊದಲು ಬೇಕಾದದ್ದು ಎದೆಗಾರಿಕೆ, ಎರೆಹುಳು ಆಮೇಲೆ. ಕೆರೆಯಂಗಳದಲ್ಲಿ ನೀರಿಗಿಂತ ಬಳ್ಳಾರಿ ಜಾಲಿಯನ್ನೇ ಹೆಚ್ಚು ಕಂಡ ಸೀಮೆ ಇದು. ಆದರೂ ಊರಿಗೊಬ್ಬರು ಗಾಳದ ಮೇಷ್ಟ್ರು ಇದ್ದೇ ಇರುತ್ತಾರೆ. ಹಿರಿಯೂರಿನವರು ನಿವೃತ್ತ ಡ್ರಿಲ್ ಮೇಷ್ಟ್ರಿರಬಹುದು, ಹೊಸದುರ್ಗದವರು ಕೊಬ್ಬರಿ ವ್ಯಾಪಾರದವರು, ಹೊಳಲ್ಕೆರೆಯವರು ಸೈಕಲ್ ಷಾಪಿನವರು. ಕಸುಬು ಬೇರೆ ಬೇರೆ, ಗುಣ ಮಾತ್ರ ಒಂದೇ: ಯಾರು ಕೇಳಲಿ ಬಿಡಲಿ, ಕಲಿಸಿಯೇ ಕಲಿಸುತ್ತಾರೆ.

ಮೇಷ್ಟ್ರ ಪಂಚಾಂಗದಲ್ಲಿ ದೊಡ್ಡ ಹಬ್ಬವೆಂದರೆ ಕೆರೆ ಕೋಡಿ ಬೀಳುವುದು. ಬೆಳಿಗ್ಗೆ ಪೇಪರ್ ಬಂದರೆ ರಾಜಕೀಯ ಆಮೇಲೆ, ಮೊದಲು ವಾಣಿವಿಲಾಸ ಸಾಗರದ ಮಟ್ಟ. 130 ಅಡಿ ತುಂಬಿದರೆ ಕೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಜಲಾಶಯ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯದಕ್ಕೆ 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ಬಂದು ಸೆಲ್ಫಿ ತೆಗೆದುಕೊಳ್ಳುವಾಗ ಮೇಷ್ಟ್ರು ಮಾತ್ರ ನೀರಿಗೆ ಕಣ್ಣು ನೆಟ್ಟು, ಸುಳಿ ಎಲ್ಲಿ ತಿರುಗುತ್ತದೆ, ಮೀನು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಅವರಿಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾಯಿತು. "ನಮ್ ತಾತನ ಕಾಲದ ಕೋಡಿಗೆ ಒಂದ್ ಗತ್ತಿತ್ತು ಕಣಯ್ಯ. ಈಗ ವರ್ಷ ಬಿಟ್ಟು ವರ್ಷ ಬೀಳೋಕೆ ಶುರುವಾಯ್ತು!"

ಪ್ರಯಾಣವೆಲ್ಲ ಕೆಂಪು ಬಸ್ಸಿನಲ್ಲಿ. ಹೊಸದುರ್ಗದ ಕಡೆಯ ಹಿನ್ನೀರಿಗೆ ಹೋಗುವಾಗ ಹತ್ತಡಿಯ ಬಿದಿರು ಕೋಲನ್ನು ಒಳಗೆ ತೂರಿಸಿದರೆ, ತುದಿ ಡ್ರೈವರನ ಕಿವಿ ಮುಟ್ಟುತ್ತದೆ, ಬುಡ ಹಿಂದಿನ ಸೀಟಿನ ಅಜ್ಜಿಯ ಮಡಿಲಲ್ಲಿರುತ್ತದೆ. ಕಂಡಕ್ಟರ್ ಲಗೇಜ್ ಟಿಕೆಟ್ ಎಂದರೆ, "ವಯಸ್ಸಾಯ್ತಪ್ಪ, ಊರುಗೋಲು" ಎನ್ನುತ್ತಾರೆ. ವಾದ ಮುಗಿಯುವಷ್ಟರಲ್ಲಿ ಕಂಡಕ್ಟರನಿಗೆ ಟಂಗೂಸು ದಾರಕ್ಕೆ ಗಂಟು ಹಾಕುವುದು ಬಂದಿರುತ್ತದೆ. ಮುಂದಿನ ರಜೆಯ ದಿನ ಅವನು ಮೇಷ್ಟ್ರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಹೊಳಲ್ಕೆರೆಗೆ ಹೋದರೆ ಬಯಲು ಗಣಪತಿಗೆ ಕೈಮುಗಿದೇ ಕೆರೆ ಏರಿ ಹತ್ತುವುದು. ದುರ್ಗದ ಸಂತೆಹೊಂಡದ ಪಕ್ಕ ಹಾದುಹೋಗುವಾಗಲೂ ಅವರ ಬಲಗೈ ತಾನಾಗಿ ಕೋಲು ಹಿಡಿದ ಭಂಗಿಗೆ ಬರುತ್ತದೆ.

ವಿದ್ಯೆಯಲ್ಲಿ ಮಾತ್ರ ಮೋಸವಿಲ್ಲ. ಪಾಠ ಶುರುವಾಗುವುದು ನವಿಲುಗರಿಯ ದಂಟಿನಿಂದ ಮಾಡಿದ ಬೆಂಡಿನಿಂದ. ಬೆಂಡು ಪಟಪಟ ಕುಣಿದರೆ ಜಿಲೇಬಿ ಮರಿ, ಕೈ ಎತ್ತಬೇಡ. ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿದರೆ ಗೆಂಡೆ ತಳದಿಂದ ತೀನಿ ಎತ್ತಿದೆ ಅಂತ ಅರ್ಥ, ಆಗ ಎಳಿ. ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಮೃಗಾಲ್ ಕೆಸರಿನದು. ಯಾವುದು ಬೇಕೋ ಅದರ ಆಳಕ್ಕೆ ಬೆಂಡು ಕಟ್ಟು. ತೀನಿಗೆ ಚಳ್ಳಕೆರೆಯ ಶೇಂಗಾ ಹಿಂಡಿಯೇ ಆಗಬೇಕು, ಬೇರೆ ಕಡೆಯದಕ್ಕೆ ಇಲ್ಲಿನ ಮೀನು ಮೂಸಿಯೂ ನೋಡದು ಎಂಬುದು ಅವರ ವಾದ. ಮೀನಿನ ಅಭಿಪ್ರಾಯ ಕೇಳಿದವರಿಲ್ಲ.

ಬೆಂಗಳೂರಿನ ಅಳಿಯ ಒಮ್ಮೆ ಫ್ಲೈ ಫಿಶಿಂಗ್ ಕೋಲು ತಂದುಕೊಟ್ಟ. ಎರೆಹುಳುವಿಲ್ಲ, ಸೀಸದ ಗುಂಡಿಲ್ಲ. ಪುಕ್ಕ ಸುತ್ತಿ ನೊಣದ ವೇಷ ಹಾಕಿದ ಕೊಕ್ಕೆ ಅಷ್ಟೇ. ನಮ್ಮ ಗಾಳದಲ್ಲಿ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ, ಇದರಲ್ಲಿ ದಪ್ಪ ದಾರದ ಭಾರವೇ ನೊಣವನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರಾ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಮೇಷ್ಟ್ರಿಗೆ ತಡೆಯುವುದೊಂದು ಬರಲಿಲ್ಲ. ಮೊದಲು ಸಿಕ್ಕಿದ್ದು ಹಿಂದಿದ್ದ ಜಾಲಿ ಗಿಡ, ಆಮೇಲೆ ದನ ಕಾಯುವವನ ಟವೆಲ್. ಅಷ್ಟಕ್ಕೇ ಅದನ್ನೂ ಊರಿಗೆ ಕಲಿಸತೊಡಗಿದರು. ನೊಣ ಕಟ್ಟಲು ಹುಂಜದ ಕುತ್ತಿಗೆಯ ಪುಕ್ಕ ಶ್ರೇಷ್ಠ ಎಂದು ಗೊತ್ತಾದ ಮೇಲೆ ಪಕ್ಕದ ಮನೆಯ ಹುಂಜ ಅವರನ್ನು ಕಂಡರೆ ಕೂಗುವುದನ್ನು ಅರ್ಧಕ್ಕೇ ನಿಲ್ಲಿಸಿ ತಿಪ್ಪೆ ಹಿಂದೆ ಸರಿಯುತ್ತದೆ.

"ಇದೆಲ್ಲ ಕೆಲಸವಿಲ್ಲದವರ ಕೆಲಸ" ಎಂದು ಯಾರಾದರೂ ಅಂದರೆ ಮೇಷ್ಟ್ರು ಸೀದಾ ಹನ್ನೆರಡನೆಯ ಶತಮಾನಕ್ಕೆ ಇಳಿಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಜಾಗ ಕೊಟ್ಟು, ಯಾವ ಮೀನಿಗೆ ಯಾವ ತೀನಿ ಎಂದು ಬರೆಸಿಲ್ಲವೇ? ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಎತ್ತಲಿಲ್ಲವೇ? ಅಲ್ಲಿಂದ ಮಾತು ತಮ್ಮ ಕೈತಪ್ಪಿದ ಮೀನಿಗೆ ಬರುತ್ತದೆ. ದಾರ ಕಿತ್ತುಕೊಂಡು ಹೋದ ಆ ಬಾಳೆಮೀನು ನೀರಲ್ಲಿ ಬೆಳೆದದ್ದಕ್ಕಿಂತ ಅವರ ಬಾಯಲ್ಲಿ ಬೆಳೆದದ್ದೇ ಹೆಚ್ಚು. ಸದ್ಯಕ್ಕೆ ವ್ಯಾನ್ ಇಂಗೆನ್ನರ ದಾಖಲೆಗೆ ಸ್ವಲ್ಪ ಕಡಿಮೆ ಇದೆ.

ಇನ್ನು ಸ್ನೇಹ. ಕೆರೆ ಮೀನು ಟೆಂಡರ್ ಹಿಡಿದವರ ಸೊತ್ತು, ಕಾವಲಿನವನನ್ನು ಕೇಳದೆ ಕೋಲು ಬಿಚ್ಚುವಂತಿಲ್ಲ. ಹಾಗಾಗಿ ಸುತ್ತಲ ಊರುಗಳ ಕೆರೆ ಕಾವಲುಗಾರರು ಮೇಷ್ಟ್ರ ಆಪ್ತರು. ಸಿಕ್ಕಿದ ಮೀನಾದರೂ ಮನೆಗೆ ಹೋಗುತ್ತದೆಯೇ? ಸೋಮವಾರ ಈಶ್ವರನ ವಾರ, ಗುರುವಾರ ರಾಯರ ವಾರ, ಶನಿವಾರ ಹನುಮಂತನ ವಾರ. ಶ್ರಾವಣ, ಕಾರ್ತಿಕ ಪೂರಾ ಇಲ್ಲ. ಹೆಂಡತಿ ಹೀಗೆ ಕಳೆದು ಉಳಿಸಿದ ದಿನಗಳಲ್ಲಿ ಮೀನು ಕಚ್ಚುವುದಿಲ್ಲ. ತಿನ್ನಬಾರದ ದಿನಗಳ ಮೀನೆಲ್ಲ ಕಂಡಕ್ಟರನಿಗೆ, ಕಾವಲಿನವನಿಗೆ, ಟವೆಲ್ ಹರಿದುಕೊಂಡವನಿಗೆ.

ಈ ಮನುಷ್ಯ ಗದರುವುದು ಒಂದೇ ವಿಷಯಕ್ಕೆ. ದಡದ ಜೊಂಡಿನ ಪಕ್ಕ ಕೆಂಪಗೆ ಮರಿಗಳ ಹಿಂಡು ಗುಳುಗುಳು ಎದ್ದರೆ, ಅದರ ಕೆಳಗೆ ಕೊರವನ ಮೀನು ಕಾವಲಿರುತ್ತದೆ. ಮರಿಗಳ ಮುಂದೆ ಏನು ಸುಳಿದರೂ ರೇಗಿ ಮೇಲೆ ಬೀಳುತ್ತದೆ, ಹಿಡಿಯುವುದು ಮಹಾ ಸುಲಭ. "ಕೋಲು ಎತ್ಕೊಳ್ಳೋ! ಬಾಣಂತಿ ಮನೆಗೆ ನುಗ್ತೀಯೇನೋ?" ಅಂದು ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ.

ಓದುಗರಲ್ಲಿ ಒಂದು ಮಾತು. ನೀರಿರುವ ಕಡೆ ಇಂಥವರು ಕಂಡರೆ, "ಏನ್ ಮೇಷ್ಟ್ರೇ, ಬಿತ್ತಾ?" ಎಂದು ಮಾತ್ರ ಕೇಳಬೇಡಿ. ಕೇಳಿದರೆ ಕೋಲು ನಿಮ್ಮ ಕೈಗೆ ಬರುತ್ತದೆ, ಅವತ್ತಿನ ಕೊನೆಯ ಬಸ್ಸು ಹೋಗುತ್ತದೆ. ಮರುವಾರ ನೀವೇ ಎರೆಹುಳು ಅಗೆಯುತ್ತಿರುತ್ತೀರಿ.